‘ಶರಪಂಜರ’: ಗುಣವಾದ ಮೇಲಿನ ಕಥೆ

ಆರೋಗ್ಯವೆಂದರೆ ರೋಗವಿಲ್ಲದಿರುವುದು ಎಂದೇ ನಾವು ಬಹುಮಟ್ಟಿಗೆ ತಿಳಿದಿದ್ದೇವೆ. ವೈದ್ಯರು ‘ಇನ್ನು ಮನೆಗೆ ಹೋಗಬಹುದು’ ಎಂದ ದಿನ ರೋಗಿ ಗುಣವಾದನೆಂದು ನಮ್ಮ ಲೆಕ್ಕ. ಆದರೆ ವಿಶ್ವ ಆರೋಗ್ಯ ಸಂಸ್ಥೆಯು 1946ರ ತನ್ನ ಸಂವಿಧಾನದಲ್ಲಿಯೇ ದೇಹದ ಹಾಗೂ ಮನಸ್ಸಿನ ಸ್ವಾಸ್ಥ್ಯದ ಜೊತೆಗೆ ಸಾಮಾಜಿಕ ಸ್ವಾಸ್ಥ್ಯವನ್ನೂ ಸೇರಿಸಿತು. ಈ ಮೂರನೆಯ ಮಾತಿನ ಅರ್ಥ ನನಗೆ ಹೊಳೆದದ್ದು ವೈದ್ಯಗ್ರಂಥಗಳಿಂದಲ್ಲ, ತ್ರಿವೇಣಿಯವರ ‘ಶರಪಂಜರ’ದಿಂದ.

ಕಥೆ ಕನ್ನಡಿಗರಿಗೆ ಹೊಸದಲ್ಲ. ಕಾದಂಬರಿಯನ್ನು ಓದದವರೂ ಪುಟ್ಟಣ್ಣ ಕಣಗಾಲರ 1971ರ ಚಿತ್ರವನ್ನು ಬಲ್ಲರು. ಹೆರಿಗೆಯ ಅನಂತರ ಕಾವೇರಿಯ ಮನಸ್ಸು ಕದಡುತ್ತದೆ, ಆಸ್ಪತ್ರೆಯಲ್ಲಿ ಗುಣವಾಗುತ್ತದೆ, ಅವಳು ಮನೆಗೆ ಮರಳುತ್ತಾಳೆ. ಬೇರೆ ಲೇಖಕರಾಗಿದ್ದರೆ ಇಲ್ಲಿಗೆ ಮಂಗಳ ಹಾಡುತ್ತಿದ್ದರೇನೋ. ತ್ರಿವೇಣಿಯವರ ನಿಜವಾದ ಕಥೆ ಆರಂಭವಾಗುವುದೇ ಇಲ್ಲಿಂದ. ನಕ್ಕರೆ ಅನುಮಾನ, ಅತ್ತರೆ ಅನುಮಾನ, ಸುಮ್ಮನೆ ಕುಳಿತರೂ ಅನುಮಾನ. ರೋಗ ಹೋದರೂ ರೋಗಿಯೆಂಬ ಹೆಸರು ಹೋಗುವುದಿಲ್ಲ. ಕೊನೆಗೆ ಆ ಹೆಸರೇ ಅವಳನ್ನು ಮತ್ತೆ ರೋಗಿಯನ್ನಾಗಿ ಮಾಡುತ್ತದೆ.

ಮನಶ್ಶಾಸ್ತ್ರವನ್ನು ಓದಿದ್ದ ತ್ರಿವೇಣಿಯವರು ಈ ವ್ಯಾಧಿಯನ್ನು ದೆವ್ವದ ಕಾಟವೆಂದಾಗಲಿ, ಕರ್ಮಫಲವೆಂದಾಗಲಿ ಕಾಣಲಿಲ್ಲ. ನಮ್ಮ ಹಿರಿಯರು ‘ಬಾಣಂತಿ ಸನ್ನಿ’ ಎಂದು ಭಯದಿಂದ ಹೆಸರಿಸುತ್ತಿದ್ದ ಈ ಸ್ಥಿತಿ ಸಾವಿರ ಹೆರಿಗೆಗಳಲ್ಲಿ ಒಂದೆರಡರಲ್ಲಿ ಕಾಣಿಸಿಕೊಳ್ಳುವಂಥದು. ಸಾಮಾನ್ಯವಾಗಿ ಮೊದಲ ಎರಡು ವಾರಗಳಲ್ಲೇ ತಲೆದೋರುತ್ತದೆ. ತಡಮಾಡದೆ ಚಿಕಿತ್ಸೆ ಕೊಡಿಸಿದರೆ ಗುಣವಾಗುತ್ತದೆ. ಇಷ್ಟು ವೈದ್ಯರ ಕೆಲಸ. ಉಳಿದದ್ದು ಮನೆಯವರ ಕೆಲಸ ಎಂಬುದನ್ನು, 1963ರಲ್ಲಿ ಮೂವತ್ತೈದು ತುಂಬುವ ಮೊದಲೇ ತೀರಿಕೊಂಡ ಈ ಲೇಖಕಿ ಮನಗಂಡಿದ್ದರು.

ಆದರೂ ನನ್ನದೊಂದು ಆಕ್ಷೇಪಣೆಯುಂಟು. ಗಂಡ ಸತೀಶನಿಗೆ ಪರಸ್ತ್ರೀಯ ಸಂಬಂಧವನ್ನು ಕಟ್ಟಿ, ಕಾದಂಬರಿ ಓದುಗನ ಕೈಗೆ ಒಬ್ಬ ಅಪರಾಧಿಯನ್ನು ಸುಲಭವಾಗಿ ಒಪ್ಪಿಸಿಬಿಡುತ್ತದೆ. ಅವನನ್ನು ಶಪಿಸಿ, ಕಾವೇರಿಗಾಗಿ ಎರಡು ಹನಿ ಕಣ್ಣೀರು ಸುರಿಸಿ, ನಾವು ನಿರ್ದೋಷಿಗಳಾಗಿ ಪುಸ್ತಕವನ್ನು ಮುಚ್ಚಬಹುದು. ಸತೀಶ ಸಭ್ಯನೇ ಆಗಿದ್ದರೆ ಕಾವೇರಿ ಉಳಿಯುತ್ತಿದ್ದಳೆ? ನನಗೆ ಸಂದೇಹ. ಬಾಣಗಳನ್ನು ಬಿಡುವವರೆಲ್ಲ ದುಷ್ಟರಾಗಬೇಕಾಗಿಲ್ಲ.

ಇದನ್ನು ಹೇಳಲು ನನಗೆ ಕಾರಣವಿದೆ. ನಾನು ಹತ್ತು ವರ್ಷದ ಹುಡುಗನಾಗಿದ್ದಾಗ ನನ್ನ ಚಿಕ್ಕಮ್ಮ ಹೀಗೆಯೇ ಆಸ್ಪತ್ರೆಯಿಂದ ಗುಣವಾಗಿ ನಮ್ಮ ಮನೆಗೆ ಬಂದರು. ಅವರು ಬರುವ ಹಿಂದಿನ ದಿನ ನನ್ನ ತಾಯಿ ಈಳಿಗೆಮಣೆಯನ್ನು ಅಟ್ಟಕ್ಕೆ ಸೇರಿಸಿದರು. ಮೊದಮೊದಲು ಅಷ್ಟು ಎಚ್ಚರ ಬೇಕಿತ್ತು, ಅದು ತಪ್ಪಲ್ಲ. ಆದರೆ ಇನ್ನು ಭಯವಿಲ್ಲವೆಂದು ವೈದ್ಯರು ಹೇಳಿ ಆರು ತಿಂಗಳಾದರೂ ಈಳಿಗೆಮಣೆ ಕೆಳಗಿಳಿಯಲಿಲ್ಲ. ಬೆಳಗಿನ ಜಾವವೇ ಎದ್ದು ತಾಯಿ ಕದ್ದು ತರಕಾರಿ ಹೆಚ್ಚಿ, ಮತ್ತೆ ಅದನ್ನು ಮೇಲಿಡಿಸುತ್ತಿದ್ದರು. ಒಂದು ದಿನ ಚಿಕ್ಕಮ್ಮ, “ಅಕ್ಕಾ, ಹುರುಳಿಕಾಯಿ ನಾನು ಹೆಚ್ಚಿಕೊಡಲೇ? ಈಳಿಗೆಮಣೆ ಎಲ್ಲಿ?” ಎಂದರು. ತಾಯಿ ಉತ್ತರ ಕೊಡಲಿಲ್ಲ. ಚಿಕ್ಕಮ್ಮ ನನ್ನ ಮುಖ ನೋಡಿದರು. ನಾನು ತಲೆ ತಗ್ಗಿಸಿದೆ. ಮತ್ತೆಂದೂ ಅವರು ಅಡಿಗೆಮನೆಯೊಳಗೆ ಕಾಲಿಡಲಿಲ್ಲ.

ನನ್ನ ತಾಯಿಗೆ ತಂಗಿಯ ಮೇಲಿದ್ದ ಪ್ರೀತಿ ಅಷ್ಟಿಷ್ಟಲ್ಲ. ಆ ಪ್ರೀತಿಯೇ ಈಳಿಗೆಮಣೆಯನ್ನು ಅಟ್ಟದಲ್ಲಿ ಇಟ್ಟಿತು. ‘ಶರಪಂಜರ’ ಈ ಬಗೆಯ ಬಾಣವನ್ನು ಇನ್ನಷ್ಟು ನಿರ್ದಾಕ್ಷಿಣ್ಯವಾಗಿ ಹಿಂಬಾಲಿಸಿದ್ದರೆ ಇನ್ನೂ ದೊಡ್ಡ ಕೃತಿಯಾಗುತ್ತಿತ್ತು ಎಂದು ನನಗೆ ತೋರುತ್ತದೆ. ಆದರೆ ಆ ಬಾಣವನ್ನು ಗುರುತಿಸುವ ಕಣ್ಣನ್ನು ನನಗೆ ಕೊಟ್ಟದ್ದೂ ಇದೇ ಕಾದಂಬರಿ ಎಂಬುದನ್ನು ಮರೆಯಲಾರೆ.

ತರಗತಿಯಲ್ಲಿ ಈ ಕೃತಿಯ ಮಾತು ಬಂದಾಗಲೆಲ್ಲ ವಿದ್ಯಾರ್ಥಿಗಳು ಸತೀಶನನ್ನು ಬಯ್ಯುತ್ತಾರೆ. ಬಯ್ಯಲಿ. ಅವರು ಮುಗಿಸಿದ ಮೇಲೆ ನಾನು ಈಳಿಗೆಮಣೆಯ ಕಥೆಯನ್ನು ಹೇಳುತ್ತೇನೆ. ಪ್ರತಿದಿನ ಏಣಿ ಹತ್ತಿ ಅದನ್ನು ಅಟ್ಟದ ಮೇಲಿಡುತ್ತಿದ್ದವನು ನಾನೇ ಎಂಬುದನ್ನೂ ಹೇಳುತ್ತೇನೆ.