ಸತ್ತ ಓಕ್ ಮರದ ಹಕ್ಕಿಗಳು

ಅಮೆರಿಕದ ಮಿಸಿಸಿಪಿ ರಾಜ್ಯದ ಬಿಲಾಕ್ಸಿಯಲ್ಲಿ ಕಡಲಿಗೆ ಹೊಂದಿಕೊಂಡೇ ಸಾಗುವ 90ನೇ ಹೆದ್ದಾರಿಯ ನಡುವಿನ ಹುಲ್ಲುಪಟ್ಟಿಯಲ್ಲಿ ದೊಡ್ಡ ಓಕ್ ಮರಗಳಿದ್ದವು. 2005ರ ಆಗಸ್ಟ್ 29ರಂದು ಕತ್ರಿನಾ ಚಂಡಮಾರುತ ಕಡಲನ್ನು ಊರೊಳಗೆ ನುಗ್ಗಿಸಿತು. ಉಪ್ಪುನೀರು ಹೀರಿದ ಹಲವು ಮರಗಳು ನಿಂತಲ್ಲೇ ಸತ್ತವು. ಅವುಗಳಲ್ಲಿ ಕೆಲವನ್ನು ಉಳಿಸಿಕೊಂಡು ಡೇಟನ್ ಸ್ಕಾಗಿನ್ಸ್, ಮಾರ್ಲಿನ್ ಮಿಲ್ಲರ್ ಮುಂತಾದವರು ಚೈನ್‌ಸಾ ಹಿಡಿದು ಡಾಲ್ಫಿನ್, ಪೆಲಿಕನ್, ಕೊಕ್ಕರೆಗಳನ್ನು ಕೆತ್ತಿದರು.

ಚೈನ್‌ಸಾ ಕೆತ್ತನೆಯನ್ನು ಜಾತ್ರೆಯ ಕೈಚಳಕವೆಂದು ತಳ್ಳಿಹಾಕುವವರಿದ್ದಾರೆ. ನಾನು ಒಪ್ಪುವುದಿಲ್ಲ. ಇಲ್ಲಿ ಅರ್ಧ ರೂಪವನ್ನು ಮರವೇ ನಿರ್ಧರಿಸುತ್ತದೆ: ಕವಲೊಡೆದಲ್ಲಿ ರೆಕ್ಕೆ, ಕೊಂಬೆ ಬಾಗಿದಲ್ಲಿ ಕತ್ತು. ಕೆತ್ತುವವರು ತೆಗೆಯಬಲ್ಲರು, ಸೇರಿಸಲಾರರು. ಮರದ ಬಾಗನ್ನು ಅನುಸರಿಸಿದ ಹಕ್ಕಿಗಳು ಹಾರುವಂತಿವೆ. ಕಾಂಡವನ್ನು ನುಣುಪಾಗಿ ಸವರಿ ಮಾಡಿದವು ಅಂಗಡಿಯ ಬೊಂಬೆಗಳಂತಿವೆ.

ನನ್ನ ತಕರಾರು ವಸ್ತುವಿನ ಬಗ್ಗೆ. ಮರವನ್ನು ಕೊಂದದ್ದು ಕಡಲು. ಮರದ ಮೇಲೆ ಉಳಿದದ್ದು ಕಡಲಿನ ಚೆಲುವು ಮಾತ್ರ. ಕತ್ರಿನಾ ಸಾವಿರಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡಿತು. ಅವರ ಸ್ಮಾರಕ ಅದೇ ಊರಿನ ಟೌನ್ ಗ್ರೀನ್ ಉದ್ಯಾನದಲ್ಲಿದೆ. ಹೀಗೆ ದುಃಖಕ್ಕೊಂದು ಜಾಗ, ಚೆಲುವಿಗೊಂದು ಜಾಗ ಎಂದು ಹಂಚಿಬಿಟ್ಟರೆ, ಹೆದ್ದಾರಿಯಲ್ಲಿ ಹೋಗುವವರಿಗೆ ಈ ಮರಗಳು ಹೇಗೆ ಸತ್ತವು ಎಂದು ಕೇಳುವ ಅಗತ್ಯವೇ ಬೀಳುವುದಿಲ್ಲ.

ಆದರೆ ಬೇರುಗಳು ಇನ್ನೂ ಮಣ್ಣಿನಲ್ಲಿವೆ. ಎಷ್ಟು ವಾರ್ನಿಶ್ ಬಳಿದರೂ ಸತ್ತ ಬೇರು ಕೊಳೆಯುತ್ತದೆ, ಒಂದು ದಿನ ಶಿಲ್ಪವೂ ಬೀಳುತ್ತದೆ. ಆ ಜಾಗದಲ್ಲಿ ಮುಂದೇನು ನಿಲ್ಲಿಸಬೇಕು ಎಂಬ ಚರ್ಚೆಯಲ್ಲಾದರೂ ಸತ್ತವರ ಮಾತು ಬರಬೇಕು.