ಕಿಣ್ವದ ಅಳತೆಗೆ ತಕ್ಕ ಗೂಡು

ಬಲಿತ ಮಾಂಸ ಮೆತ್ತಗೆ ಬೇಯಲೆಂದು ನಮ್ಮ ಮಂಗಳೂರಿನ ಅಡುಗೆಮನೆಗಳಲ್ಲಿ ಹಸಿ ಬಪ್ಪಂಗಾಯಿ ಅರೆದು ಹಚ್ಚುವುದುಂಟು. ಕಾಯಿಯ ಹಾಲಿನಲ್ಲಿರುವ ಪಪೈನ್ ಎಂಬ ಕಿಣ್ವ ಮಾಂಸದ ಪ್ರೋಟೀನನ್ನು ಕತ್ತರಿಸುತ್ತದೆ. ಕತ್ತರಿಸಿ ಅದು ಸವೆಯುವುದಿಲ್ಲ; ಆದರೆ ಸಾರು ಕುದಿದರೆ ಅದೂ ಬೆಂದುಹೋಗುತ್ತದೆ. ಅಡುಗೆಗೆ ಅದು ನಷ್ಟವಲ್ಲ, ಕಾರ್ಖಾನೆಗೆ ನಷ್ಟ. ಅದಕ್ಕೇ ಕಿಣ್ವವನ್ನು ಘನವಸ್ತುವಿನ ಮೇಲೆ ಕೂರಿಸಿ, ಸೋಸಿ ತೆಗೆದು, ಮತ್ತೆ ದುಡಿಸುತ್ತಾರೆ. ಇದ್ದಿಲಿಗೆ ಅಂಟಿದ ಇನ್ವರ್ಟೇಸ್ ಎಂಬ ಕಿಣ್ವ ಕೂಡ ಸಕ್ಕರೆಯನ್ನು ಒಡೆಯುತ್ತದೆಂದು ವಿಜ್ಞಾನಿಗಳಾದ ನೆಲ್ಸನ್ ಮತ್ತು ಗ್ರಿಫಿನ್ 1916ರಲ್ಲೇ ಕಂಡಿದ್ದರು.

ಇಂಥ ಆಸರೆಗಳಲ್ಲಿ ನನಗೆ ಅಚ್ಚುಮೆಚ್ಚು ರಂಧ್ರಮಯ ಸಿಲಿಕಾ. 1992ರಲ್ಲಿ ಮೊಬಿಲ್ ಕಂಪನಿಯ ವಿಜ್ಞಾನಿಗಳು ಎಂಸಿಎಂ-41 ಎಂಬ ಇಂಥ ಸಿಲಿಕಾವನ್ನು ಪ್ರಕಟಿಸಿದರು. ನೀರಿನಲ್ಲಿ ಸಾಲುಗಟ್ಟಿದ ಸಾಬೂನಿನಂಥ ಅಣುಗಳ ಸುತ್ತ ಸಿಲಿಕಾ ಗಟ್ಟಿಯಾಗುತ್ತದೆ. ಅಣುಗಳನ್ನು ಸುಟ್ಟು ತೆಗೆದರೆ ಜೇನುಗೂಡಿನಂತೆ ಕೊಳವೆಗಳು ಉಳಿಯುತ್ತವೆ. ಒಂದು ಗ್ರಾಮಿನ ಒಳಮೈ ಸುಮಾರು 1000 ಚದರ ಮೀಟರ್.

ಆದರೆ ಮೈಯ ವಿಸ್ತಾರಕ್ಕೆ ಮರುಳಾಗಬೇಡಿ, ಕೊಳವೆಯ ಬಾಯಿಯ ಅಗಲ ನೋಡಿ. 1996ರಲ್ಲಿ ಡಯಾಜ್ ಮತ್ತು ಬಾಲ್ಕಸ್ ಎಂಸಿಎಂ-41ರಲ್ಲಿ ಕಿಣ್ವಗಳನ್ನು ಕೂರಿಸಲು ಹೊರಟಾಗ ಪಪೈನ್ ಒಳಹೊಕ್ಕಿತು, ಗಾತ್ರದಲ್ಲಿ ದೊಡ್ಡದಾದ ಪೆರಾಕ್ಸಿಡೇಸ್ ಹೊರಗುಳಿಯಿತು. 1998ರಲ್ಲಿ ಸಾಂತಾ ಬಾರ್ಬರಾದ ವಿಶ್ವವಿದ್ಯಾಲಯದಿಂದ ಬಂದ ಇನ್ನೊಂದು ಸಿಲಿಕಾ, ಎಸ್‌ಬಿಎ-15 ಬಾಯಿಯನ್ನು 30 ನ್ಯಾನೋಮೀಟರ್‌ವರೆಗೂ ಹಿಗ್ಗಿಸಿತು. ತೀರಾ ಅಗಲವಾದರೆ ಕಿಣ್ವ ಜಾರಿ ಹೊರಬೀಳುತ್ತದೆ. ಅಳತೆ ಕೂಡಿದರೆ ಮಾತ್ರ ನಿಲ್ಲುತ್ತದೆ.

ಅಳತೆಯ ಜೊತೆಗೆ ವಿದ್ಯುದಂಶವೂ ಕೂಡಬೇಕು. ತಟಸ್ಥ ನೀರಿನಲ್ಲಿ ಸಿಲಿಕಾ ಋಣ, ಪಪೈನ್ ಧನ, ತಾವಾಗಿ ಸೆಳೆದುಕೊಳ್ಳುತ್ತವೆ. ಉಪ್ಪು ಹೆಚ್ಚಾದರೆ ಆ ಹಿಡಿತ ಸಡಿಲ. ಆಗ ಸಿಲಿಕಾದ ಮೈಗೆ ಅಮೈನ್ ಗುಂಪು ಜೋಡಿಸಿ ರಾಸಾಯನಿಕ ಬೆಸುಗೆ ಹಾಕುತ್ತಾರೆ. ಕಣವನ್ನೇ ನ್ಯಾನೋ ಗಾತ್ರಕ್ಕೆ ಇಳಿಸಿದರೆ ಕೊಳವೆ ಗಿಡ್ಡವಾಗಿ ಕಿಣ್ವದ ಬಳಿಗೆ ಹೋಗಿಬರುವ ದಾರಿ ಹತ್ತಿರವಾಗುತ್ತದೆ. ಆದರೆ ಅಷ್ಟು ಸಣ್ಣ ಕಣ ಸೋಸುಬಟ್ಟೆಗೆ ಸಿಗದು, ಸೆಂಟ್ರಿಫ್ಯೂಜ್ ಬೇಕು.

ಈ ಸಿಲಿಕಾ ನಮಗೆ ಪರಕೀಯವಲ್ಲ. ಹಿಂದಿನವರು ಹಲ್ಲುಜ್ಜುತ್ತಿದ್ದ ಉಮಿಕರಿಯ ತರಿತರಿ ಇದರದ್ದೇ. ಕುಚ್ಚಲಕ್ಕಿ ಮಿಲ್ಲಿನ ಬಾಯ್ಲರಿನಲ್ಲಿ 100 ಕಿಲೋ ಉಮಿ ಉರಿದರೆ ಸುಮಾರು 20 ಕಿಲೋ ಬೂದಿ. ಚೆನ್ನಾಗಿ ಉರಿದ ಬೂದಿಯಲ್ಲಿ ಹತ್ತರಲ್ಲಿ ಒಂಬತ್ತು ಪಾಲು ಸಿಲಿಕಾ. ಅದನ್ನು ಕಾಸ್ಟಿಕ್ ಸೋಡಾದಲ್ಲಿ ಕರಗಿಸಿ ಇದೇ ಗೂಡುಗಳನ್ನು ಕಟ್ಟಬಹುದು. ಉರಿ ಮಾತ್ರ ಹದವಾಗಿರಬೇಕು: ಅತಿಯಾದರೆ ಸಿಲಿಕಾ ಹರಳುಗಟ್ಟಿ ಸುಲಭವಾಗಿ ಕರಗದು. ಕಿಣ್ವದ ಗೂಡಿಗೆ ಮೊದಲ ಹದ ಕೊಡುವವನು ಮಿಲ್ಲಿನಲ್ಲಿ ಬೆಂಕಿ ನೋಡಿಕೊಳ್ಳುವವನೇ.