ಏರಿತೋ, ಏರಿದೆಯೋ?

ಗ್ರಾಫನ್ನು ಮಾತಿಗಿಳಿಸುವುದರಲ್ಲಿ ಒಂದು ರುಚಿಯಿದೆ. ಐಇಎಲ್‌ಟಿಎಸ್ ಎಂಬ ಇಂಗ್ಲಿಷ್ ಪರೀಕ್ಷೆಗೆ ಕೂರುವವರಿಗೆ ಅದು ಇಪ್ಪತ್ತು ನಿಮಿಷದಲ್ಲಿ 150 ಪದ ತುಂಬಿಸುವ ಶಿಕ್ಷೆ. ನನಗೆ ಪದಬಂಧಕ್ಕಿಂತ ಮಿಗಿಲಾದ ಆಟ. ತಮಿಳುನಾಡಿನ ತಾಳವಾಡಿ ಬೆಟ್ಟದ ಕನ್ನಡದ ಹುಡುಗರಿಗೆ ಇದನ್ನು ಕಲಿಸುವವರು ಯಾವುದೋ ದೇಶದ ಬೆಣ್ಣೆ ರಫ್ತಿನ ಗ್ರಾಫು ಹುಡುಕಬೇಕಾಗಿಲ್ಲ. 2013ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾದ ಸತ್ಯಮಂಗಲದ ಕಾಡು ಹಿತ್ತಿಲಲ್ಲೇ ಇದೆ. ದೇಶದ ಹುಲಿಗಳ ಅಂದಾಜು ಸಂಖ್ಯೆಯನ್ನೇ ತೆಗೆದುಕೊಳ್ಳಿ: 2006ರಲ್ಲಿ 1,411, 2010ರಲ್ಲಿ 1,706, 2014ರಲ್ಲಿ 2,226, 2018ರಲ್ಲಿ 2,967, 2022ರಲ್ಲಿ 3,682.

ಮಕ್ಕಳು ಎಡವುವುದು ಕ್ರಿಯಾಪದದಲ್ಲಿ ಎನ್ನುವ ಮೇಷ್ಟರುಗಳ ಮಾತನ್ನು ನಾನು ಒಪ್ಪುವುದಿಲ್ಲ. ಏರಿತು, ಏರಿದೆ, ಏರಿತ್ತು: ಇವುಗಳ ಭೇದವನ್ನು ಕನ್ನಡದ ಮಗು ತೊಟ್ಟಿಲಿನಿಂದಲೇ ಬಲ್ಲದು. ತೊಡಕಿರುವುದು ಕಾಲ ಹೇಳುವ ಪುಟ್ಟ ಪದದಲ್ಲಿ. ಮನೆಯ ಕನ್ನಡದಲ್ಲಿ '2006ರಿಂದ' ಎಂದರೆ ಕೆಲಸ ಮುಗಿಯಿತು. ಕಚೇರಿಯ ತಮಿಳಿನ 'ಇರುಂದು' ಕೂಡ ಹಾಗೇ. ಇಂಗ್ಲಿಷಿಗೆ ಅಷ್ಟು ಸಾಲದು. ಆ ಅವಧಿ ಮುಗಿದಿದೆಯೋ, ಇನ್ನೂ ನಡೆಯುತ್ತಿದೆಯೋ ಅದಕ್ಕೆ ತಿಳಿಯಲೇಬೇಕು. ಮುಗಿದಿದ್ದರೆ 'ಫ್ರಮ್ 2006 ಟು 2022', ಜೊತೆಗೆ 'ರೋಸ್'. ಇಂದಿಗೂ ತಾಗಿಕೊಂಡಿದ್ದರೆ 'ಸಿನ್ಸ್ 2006', ಜೊತೆಗೆ 'ಹ್ಯಾಸ್ ರಿಸನ್'. ಗೆರೆ 2022ಕ್ಕೇ ನಿಂತಿರುವಾಗ 'ಹ್ಯಾಸ್' ಹಾಕಿದರೆ, ಗ್ರಾಫಿನಲ್ಲಿಲ್ಲದ ವರ್ಷಗಳಿಗೂ ನೀವೇ ಸಾಕ್ಷಿ ನುಡಿದಂತೆ.

ನನಗೆ ಎಲ್ಲಕ್ಕಿಂತ ಇಷ್ಟ 'ಬೈ'. 'ಬೈ 2018' ಎಂದರೆ ಅಷ್ಟರೊಳಗೆ. ಹಿಂದೆಯೇ 'ಹ್ಯಾಡ್' ಬರುತ್ತದೆ. 'ಬೈ 2018, ದ ನಂಬರ್ ಹ್ಯಾಡ್ ಮೋರ್ ದ್ಯಾನ್ ಡಬಲ್ಡ್.' ದುಪ್ಪಟ್ಟಾದದ್ದು ಯಾವ ವರ್ಷ ಎಂದು ಈ ವಾಕ್ಯ ಹೇಳುವುದಿಲ್ಲ. ಹೇಳಲೂಬಾರದು, ಏಕೆಂದರೆ ಎಣಿಕೆ ನಡೆಯುವುದು ನಾಲ್ಕು ವರ್ಷಕ್ಕೊಮ್ಮೆ. ಸತ್ಯಮಂಗಲದ ಕಾಡಿನ ದಿಂಬಂ ಘಾಟಿಯ 27 ತಿರುವುಗಳಲ್ಲಿ ನೆಟ್ಟ ಅಂಕಿಯ ಫಲಕಗಳಂತೆ ನಮಗೆ ಕಾಣುವುದು ಐದು ಚುಕ್ಕೆ ಮಾತ್ರ. ನಡುವಿನ ಗೆರೆ ಬಿಡಿಸಿದವನ ಊಹೆ. ಕಂಡ ಕಂಡಲ್ಲಿ 'ಸ್ಟೆಡಿಲಿ' ಉದುರಿಸುವವರು ಇದನ್ನು ಗಮನಿಸಬೇಕು. ಇನ್ನೊಂದು ಸೂಕ್ಷ್ಮವೂ ಇದೆ: 2006ರ ಎಣಿಕೆಯಲ್ಲಿ ಸುಂದರಬನ ಇರಲಿಲ್ಲ, 2010ರಲ್ಲಿ ಸೇರಿತು. ಆ ಏರಿಕೆಯ ಒಂದಷ್ಟು ಹುಲಿಗಳು ಹೊಸದಾಗಿ ಹುಟ್ಟಿದವಲ್ಲ, ಹೊಸದಾಗಿ ಲೆಕ್ಕಕ್ಕೆ ಬಂದವು.

ಮುಂದಿನ ವರ್ಷಗಳ ಅಂದಾಜನ್ನು ಚುಕ್ಕೆಗೆರೆಯಲ್ಲಿ ಎಳೆದಿದ್ದರೆ ಬರಿಯ 'ವಿಲ್' ಒರಟು. 'ಈಸ್ ಎಕ್ಸ್‌ಪೆಕ್ಟೆಡ್ ಟು ರೈಸ್' ವಾಸಿ. 'ಏರೀತು' ಎನ್ನಬಲ್ಲ ಭಾಷೆಯವರಿಗೆ ಈ ಅಳುಕು ಹೊಸದೇನಲ್ಲ.

ಮೇಷ್ಟರೇ, ಇನ್ನು ಮುಂದೆ ಗ್ರಾಫು ಕೊಡುವಾಗ ಅಂಕಿಗಳನ್ನು ಮುಚ್ಚಿಡಿ, ಕೆಳಗಿನ ವರ್ಷಗಳನ್ನಷ್ಟೇ ತೋರಿಸಿ. ಕೊನೆಯ ವರ್ಷ ಯಾವುದೆಂದು ಕೇಳಿ. ಮಕ್ಕಳು ಕ್ರಿಯಾಪದ ಆರಿಸಿಕೊಂಡ ಮೇಲೆ ಹುಲಿಗಳನ್ನು ಬಿಡಿ.